ಕಾಗುಣಿತ ಹಾಡಲು ಬರುತ್ತದೆ, ಓದಲು ಬರುವುದಿಲ್ಲ: ಒಂದೇ ಮಗುವನ್ನು ಕೂರಿಸಿಕೊಂಡು ಕಲಿಸುವ ಕ್ರಮ

ಮೂರನೇ ಇಯತ್ತೆಯ ಮಗುವಿಗೆ ‘ಕ ಕಾ ಕಿ ಕೀ’ ಹೇಳು ಅಂದರೆ ಒಂದೇ ಉಸಿರಿಗೆ ಮುಗಿಸುತ್ತದೆ. ಈಗ ಒಂದು ಚೀಟಿಯ ಮೇಲೆ ಬರೀ ‘ಕೂ’ ಅಂತ ಬರೆದು ತೋರಿಸಿ. ಕೆಲವರು ಕೂಡಲೇ ಓದುತ್ತಾರೆ. ಕೆಲವರು ತುಟಿಯೊಳಗೇ ‘ಕ, ಕಾ, ಕಿ, ಕೀ, ಕು’ ಎಂದು ಗುನುಗುತ್ತ ಹೋಗಿ, ಆಮೇಲೆ ‘ಕೂ’ ಅನ್ನುತ್ತಾರೆ. ಈ ಎರಡನೆಯವರಿಗೆ ಬರುತ್ತಿರುವುದು ಹಾಡು. ಅಕ್ಷರ ಕಂಡ ಕೂಡಲೇ ಉಲಿ ನಾಲಿಗೆಗೆ ಬರುತ್ತಿಲ್ಲ. ಇಂಥ ಮಗುವಿಗೆ ಅದೇ ಕಾಗುಣಿತವನ್ನು ಇನ್ನೂ ಹತ್ತು ಸಲ ಬರೆಸಿದರೆ ಅಕ್ಷರ ದುಂಡಗಾಗುತ್ತವೆಯೇ ಹೊರತು ಓದು ಬರುವುದಿಲ್ಲ.

ಕಣ್ಣು ನೋಡುವುದು, ಕಿವಿ ಕೇಳುವುದು, ಬಾಯಿ ಹೇಳುವುದು, ಕೈ ತೀಡುವುದು ಈ ನಾಲ್ಕೂ ಒಂದೇ ಅಕ್ಷರದ ಮೇಲೆ ಒಂದೇ ಗಳಿಗೆಗೆ ಕೂಡಬೇಕು ಅನ್ನುವುದು ಇಲ್ಲಿ ಹೇಳುವ ಬಹು ಇಂದ್ರಿಯ ಪದ್ಧತಿಯ ತಿರುಳು. 1930ರ ದಶಕದಲ್ಲಿ ಅಮೆರಿಕದ ವೈದ್ಯ ಸ್ಯಾಮ್ಯುಯೆಲ್ ಆರ್ಟನ್ ಮತ್ತು ಶಿಕ್ಷಕಿ ಆನಾ ಗಿಲಿಂಗ್‌ಹ್ಯಾಮ್ ಇಂಗ್ಲಿಷ್ ಓದಲು ತೊಡರುವ ಮಕ್ಕಳಿಗಾಗಿ ಇದನ್ನು ಕ್ರಮಬದ್ಧವಾಗಿ ಕಟ್ಟಿದರು. ಅದನ್ನು ಹಾಗೇ ಎತ್ತಿ ಕನ್ನಡಕ್ಕೆ ಹಚ್ಚಲು ಬರುವುದಿಲ್ಲ. ಇಂಗ್ಲಿಷಿನಲ್ಲಿ ಅಕ್ಷರ ಕಡಿಮೆ, ಒಂದೊಂದಕ್ಕೆ ಹಲವು ಉಚ್ಚಾರ. ನಮ್ಮಲ್ಲಿ ಉಚ್ಚಾರದ ಗೊಂದಲ ಕಡಿಮೆ, ರೂಪಗಳ ಹೊರೆ ದೊಡ್ಡದು: 34 ವ್ಯಂಜನಕ್ಕೆ 13 ಸ್ವರ ಕೂಡಿಸಿದರೇ 442 ರೂಪ, ಅದರ ಮೇಲೆ ಒತ್ತು. ಹಾಗಾಗಿ ಕನ್ನಡದಲ್ಲಿ ತೊಡರುವ ಮಗು ಮೂಲಾಕ್ಷರದಲ್ಲಿ ಸಿಕ್ಕಿಬೀಳುವುದಕ್ಕಿಂತ ಕಾಗುಣಿತದಲ್ಲಿ, ಅದಕ್ಕಿಂತ ಹೆಚ್ಚಾಗಿ ಒತ್ತಕ್ಷರದಲ್ಲಿ ಸಿಕ್ಕಿಬೀಳುತ್ತದೆ. ನಿಮ್ಮ ಸಮಯದ ದೊಡ್ಡ ಪಾಲು ಅಲ್ಲಿಗೇ ಹೋಗಲಿ.

ಮೊದಲ ದಿನ ಕಲಿಸಬೇಡಿ, ನೋಡಿ

ಹದಿನೈದು ನಿಮಿಷ ಸಾಕು. ನಾಲ್ಕು ಹಾಳೆ ಸಿದ್ಧ ಮಾಡಿ. ಒಂದರಲ್ಲಿ ಮೂಲಾಕ್ಷರಗಳನ್ನು ವರ್ಣಮಾಲೆಯ ಸಾಲು ಮುರಿದು ಬರೆಯಿರಿ. ಎರಡನೆಯದರಲ್ಲಿ ಬೇರೆ ಬೇರೆ ವ್ಯಂಜನದ 30 ಗುಣಿತಾಕ್ಷರ. ಮೂರನೆಯದರಲ್ಲಿ ಒತ್ತು ಇರುವ 15 ಪದ. ನಾಲ್ಕನೆಯದರಲ್ಲಿ ಅರ್ಥವೇ ಇಲ್ಲದ ಹತ್ತು ಪದ: ‘ರಿದೂಮ’, ‘ಗೊಸುನೆ’, ‘ತಬೀರು’ ಇಂಥವು. ಈ ಕಡೆಯ ಹಾಳೆಯೇ ಬಹಳ ಹೇಳುತ್ತದೆ. ಜಾಣ ಮಕ್ಕಳು ಗೊತ್ತಿರುವ ಪದದ ಮೊದಲ ಅಕ್ಷರ ನೋಡಿ ಉಳಿದದ್ದನ್ನು ಊಹಿಸಿಬಿಡುತ್ತಾರೆ. ಅರ್ಥವಿಲ್ಲದ ಪದದಲ್ಲಿ ಊಹೆ ನಡೆಯುವುದಿಲ್ಲ.

ಮೂರು ಸೆಕೆಂಡಿನೊಳಗೆ ಓದಿದ್ದಕ್ಕೆ ಪೂರ್ತಿ ಗೆರೆ, ತಡವಾಗಿ ಸರಿ ಓದಿದ್ದಕ್ಕೆ ಅರ್ಧ ಗೆರೆ, ತಪ್ಪಿದ್ದಕ್ಕೆ ಮಗು ಏನು ಓದಿತೋ ಅದನ್ನೇ ಬರೆದುಕೊಳ್ಳಿ. ‘ತಪ್ಪು’ ಅಂತ ಬರೆದರೆ ನಾಳೆ ನಿಮಗೇ ಉಪಯೋಗವಿಲ್ಲ. ‘ವ’ಕ್ಕೆ ‘ಪ’ ಅಂದಿತೇ, ‘ಕೊ’ಗೆ ‘ಕೆ’ ಅಂದಿತೇ ಎಂಬುದು ಮುಂದಿನ ಪಾಠವನ್ನು ತೀರ್ಮಾನಿಸುತ್ತದೆ. ಅರ್ಧ ಗೆರೆಯ ಅಕ್ಷರಗಳೂ ಕಲಿಸಬೇಕಾದವೇ. ಬಹಳ ಜನ ಇವನ್ನು ‘ಬರುತ್ತದೆ’ ಅಂತ ಬಿಟ್ಟುಬಿಡುತ್ತಾರೆ, ಆಮೇಲೆ ವಾಕ್ಯ ಓದುವಾಗ ಮಗು ಅಲ್ಲೇ ನಿಲ್ಲುತ್ತದೆ.

ಸಾಮಾನು

ದುಡ್ಡು ಹಾಕಿ ತರುವಂಥದ್ದು ಹೆಚ್ಚೇನಿಲ್ಲ. ಬಣ್ಣದ ಅಂಗಡಿಯಲ್ಲಿ 120 ನಂಬರಿನ ಪಾಲಿಶ್ ಪೇಪರ್ ಸಿಗುತ್ತದೆ. ಅದರಲ್ಲಿ ಎಂಟರಿಂದ ಹತ್ತು ಸೆಂಟಿಮೀಟರ್ ಎತ್ತರದ ಅಕ್ಷರ ಕತ್ತರಿಸಿ ರಟ್ಟಿಗೆ ಅಂಟಿಸಿ. 80ರದ್ದು ಬಹಳ ಒರಟು, ಐದಾರು ಸಲ ತೀಡಿದರೆ ಬೆರಳ ತುದಿ ಉರಿಯುತ್ತದೆ. 220ರದ್ದು ನುಣುಪು, ಗೆರೆ ಬೆರಳಿಗೆ ಹತ್ತುವುದಿಲ್ಲ. ಅಂಚುಳ್ಳ ತಟ್ಟೆ ಅಥವಾ ಪರಾತ ಒಂದಿರಲಿ. ತಳಕ್ಕೆ ಕಪ್ಪು ಕಾಗದ ಹಾಸಿ, ತೊಳೆದು ಒಣಗಿಸಿ ಸೋಸಿದ ಸಣ್ಣ ಉಸುಕನ್ನು ಅರ್ಧ ಸೆಂಟಿಮೀಟರ್ ದಪ್ಪಕ್ಕೆ ಹರಡಿ. ಅದಕ್ಕಿಂತ ದಪ್ಪವಾದರೆ ಬೆರಳು ಹೋದ ಹಿಂದೆಯೇ ಗೆರೆ ಮುಚ್ಚಿಕೊಳ್ಳುತ್ತದೆ. ಉಸುಕಿನ ಬದಲು ರವಾ ನಡೆಯುತ್ತದೆ. ಜೋಳದ ಹಿಟ್ಟು ಬೇಡ, ಮಳೆಗಾಲದಲ್ಲಿ ಕೈಗೆ ಮೆತ್ತಿಕೊಳ್ಳುತ್ತದೆ.

ಎರೆಮಣ್ಣು ನಮ್ಮ ಧಾರವಾಡ-ಗದಗ ಸೀಮೆಯ ಮಕ್ಕಳ ಕೈಗೆ ಹೊಸದಲ್ಲ. ಮಣ್ಣೆತ್ತಿನ ಅಮವಾಸ್ಯೆಗೆ ಎತ್ತು ಮಾಡಿದ ಕೈಗೆ ಕೊಂಬು, ಏತ್ವ, ದೀರ್ಘ ಮಾಡುವುದು ಕಷ್ಟವೇನಲ್ಲ. ಇದರ ಜೊತೆಗೆ ಪಾಟಿ, ಬಳಪ, ಅಂಗೈಯಗಲದ ಖಾಲಿ ಕಾರ್ಡು ನೂರು, ಎರಡು ಬಣ್ಣದ ಸ್ಕೆಚ್ ಪೆನ್ನು, ಸಣ್ಣ ಕನ್ನಡಿ, ಒಂದು ನೋಟುಬುಕ್ಕು.

ಒಂದು ಮಾತು ಇಲ್ಲೇ ಹೇಳಿಬಿಡುವುದು ಒಳ್ಳೆಯದು. ಉಸುಕು, ಮಣ್ಣು ಮಂತ್ರವಲ್ಲ. ಬಾಯಿ ಮುಚ್ಚಿಕೊಂಡು ತಾಸುಗಟ್ಟಲೆ ಉಸುಕಿನಲ್ಲಿ ಬರೆದರೆ ಅದು ಆಟ ಅಷ್ಟೇ. ಕೆಲಸ ಮಾಡುವುದು ಕ್ರಮ, ಪುನರಾವರ್ತನೆ, ಮತ್ತು ಕೈ ಓಡುವಾಗಲೇ ಬಾಯಿಯಿಂದ ಉಲಿ ಹೊರಡುವುದು. ಹೊಳೆಯುವ ಪುಡಿ, ಬಣ್ಣದ ಆಟಿಕೆ ತಂದು ಹರಡಿದರೆ ಮಗುವಿನ ಗಮನ ಅಕ್ಷರದ ಮೇಲಿಂದ ಅದರ ಮೇಲೆ ಹೋಗುತ್ತದೆ.

ಅರ್ಧ ತಾಸಿನ ಪಾಠ

ವಾರಕ್ಕೆ ಐದು ದಿನ, ದಿನಕ್ಕೆ ಅರ್ಧ ತಾಸು. ರವಿವಾರ ಒಂದೇ ದಿನ ಎರಡೂವರೆ ತಾಸು ಕೂರಿಸಿದರೆ ಲೆಕ್ಕ ಸರಿ ಬರುತ್ತದೆ, ಕಲಿಕೆ ಬರುವುದಿಲ್ಲ. ಸಾಲಿಯಿಂದ ಬಂದ ಕೂಡಲೇ ಬೇಡ. ಉಂಡು, ಸ್ವಲ್ಪ ಆಡಿ ಬರಲಿ. ಎದುರು ಕೂರಬೇಡಿ, ನಿಮಗೆ ಅಕ್ಷರ ತಲೆಕೆಳಗಾಗಿ ಕಾಣುತ್ತದೆ, ನೀವು ಬರೆದು ತೋರಿಸಿದ್ದು ಮಗುವಿಗೂ ತಲೆಕೆಳಗು. ಪಕ್ಕದಲ್ಲಿ, ಮಗು ಬರೆಯದ ಕೈಯ ಬದಿಗೆ ಕೂರಿ. ಎಡಗೈ ಮಗುವಾದರೆ ಎಡಗೈಯಲ್ಲೇ ತೀಡಲಿ.

ಮೊದಲ ಮೂರು ನಿಮಿಷ ಪುಸ್ತಕ ಬೇಡ, ಬರೀ ಕಿವಿ. ಊರಿನ ಹೆಸರು ಹೇಳಿ, ಅಕ್ಷರಕ್ಕೊಂದು ಚಪ್ಪಾಳೆ: ಗ-ದ-ಗ. ಆಮೇಲೆ ಕಳೆಯುವ ಆಟ: “ನವಲಗುಂದ ಅನ್ನು. ಈಗ ‘ನವಲ’ ಬಿಟ್ಟು ಅನ್ನು.” ಇದು ಸಲೀಸಾದ ಮೇಲೆ ಅಕ್ಷರದ ಒಳಗಿನ ಉಲಿಗೆ ಇಳಿಯಿರಿ: “‘ಕಲ’ದಾಗಿನ ‘ಕ’ಕ್ಕ ‘ಇ’ ಹಚ್ಚಿದರ ಏನಾಗ್ತದ?” ಕಾಗುಣಿತ ಕಷ್ಟವಾಗುವ ಮಕ್ಕಳಲ್ಲಿ ಬಹಳಷ್ಟು ಜನ ಇಲ್ಲೇ ಮುಗ್ಗರಿಸುತ್ತಾರೆ. ‘ಕಿ’ ಅನ್ನುವುದು ಅವರ ಕಿವಿಗೆ ಒಡೆಯಲಾಗದ ಒಂದೇ ಉಂಡೆ. ಅದರೊಳಗೆ ಎರಡು ಉಲಿ ಇವೆಯೆಂದು ಕಿವಿಗೆ ಗೊತ್ತಾಗದೆ ಗುಡಿಸಿನ ಅರ್ಥ ಕಣ್ಣಿಗೆ ಆಗುವುದಿಲ್ಲ.

ಮುಂದಿನ ಐದು ನಿಮಿಷ ಕಲಿತ ಅಕ್ಷರ ಬರೆದಿಟ್ಟ ಹಳೆ ಕಾರ್ಡುಗಳು. ಮೂರು ಗುಡ್ಡೆ ಇಟ್ಟುಕೊಳ್ಳಿ: ಕಂಡಕೂಡಲೇ ಓದಿದ್ದು, ತಡೆದು ಓದಿದ್ದು, ತಪ್ಪಿದ್ದು. ಸತತ ಐದು ದಿನ ಮೊದಲ ಗುಡ್ಡೆಗೆ ಬಿದ್ದ ಕಾರ್ಡನ್ನು ಬೇರೆ ಡಬ್ಬಿಗೆ ಹಾಕಿ, ವಾರಕ್ಕೊಮ್ಮೆ ಮಾತ್ರ ತೆಗೆಯಿರಿ. ಒಟ್ಟು ಕಾರ್ಡು 20 ದಾಟದಿರಲಿ.

ಆಮೇಲೆ ಎಂಟು ನಿಮಿಷ ಹೊಸ ಅಕ್ಷರ. ದಿನಕ್ಕೆ ಒಂದೇ, ಹಿಂದಿನದು ಗಟ್ಟಿಯಾಗದಿದ್ದರೆ ಆ ದಿನ ಹೊಸದು ಇಲ್ಲವೇ ಇಲ್ಲ. ನೀವು ಮೊದಲು ಒರಟು ಅಕ್ಷರದ ಮೇಲೆ ತೋರುಬೆರಳು, ನಡುಬೆರಳು ಎರಡನ್ನೂ ಕೂಡಿಸಿ ತೀಡುತ್ತ ಉಲಿ ಹೇಳಿ. ನಂತರ ಮಗು ಐದು ಸಲ. ಬೆರಳು ಹೊರಟಾಗ ಉಲಿ ಹೊರಡಬೇಕು, ಬೆರಳು ಮುಗಿದಾಗ ಮುಗಿಯಬೇಕು. ‘ಗ’ ಎಂದಷ್ಟೇ ಎಳೆದು ಹೇಳಲಿ. ಪ್ರತಿ ಸಲ ‘ಗ ಗಡಿಯಾರದ ಗ’ ಅಂದರೆ ಓದುವಾಗಲೂ ಗಡಿಯಾರ ಅಡ್ಡ ಬರುತ್ತದೆ. ಅದಾದ ಮೇಲೆ ಭುಜದಿಂದ ಇಡೀ ತೋಳೆತ್ತಿ ಗಾಳಿಯಲ್ಲಿ ಎರಡು ಸಲ, ಉಸುಕಿನಲ್ಲಿ ಮೂರು ಸಲ, ಪಾಟಿಯ ಮೇಲೆ ಮಾದರಿ ನೋಡದೆ ಎರಡು ಸಲ, ಕಡೆಗೆ ಕಣ್ಣು ಮುಚ್ಚಿ ಒಂದು ಸಲ. ಬಾಯಿ ಸುಮ್ಮನಾದರೆ ಅಲ್ಲಿಗೇ ನಿಲ್ಲಿಸಿ, “ಬಾಯಿನೂ ಬರ್ಲಿ” ಅನ್ನಿ.

ಕೊನೆಯ ಹದಿನಾಲ್ಕು ನಿಮಿಷದಲ್ಲಿ ಆರು ನಿಮಿಷ ಕಲಿತ ಅಕ್ಷರಗಳಿಂದಲೇ ಪದ ಕಟ್ಟುವುದು, ನಾಲ್ಕು ನಿಮಿಷ ಉಕ್ತಲೇಖನ, ನಾಲ್ಕು ನಿಮಿಷ ಓದು. ಉಕ್ತಲೇಖನಕ್ಕೆ ಐದು ಪದ, ಒಂದು ವಾಕ್ಯ ಸಾಕು. ನೀವು ಪದ ಹೇಳುತ್ತೀರಿ, ಮಗು ಅದನ್ನು ತಿರುಗಿ ಹೇಳುತ್ತದೆ, ಅಕ್ಷರಕ್ಕೊಂದು ಬೆರಳು ಎತ್ತುತ್ತದೆ, ಉಲಿಯುತ್ತ ಬರೆಯುತ್ತದೆ, ಬರೆದದ್ದನ್ನು ಓದುತ್ತದೆ. ಕೊನೆಯ ಹೆಜ್ಜೆಯನ್ನು ಅವಸರದಲ್ಲಿ ಬಿಡಬೇಡಿ. ತನ್ನ ತಪ್ಪು ತನಗೇ ಸಿಗುವುದು ಅಲ್ಲಿ.

ಯಾವ ಅಕ್ಷರದಿಂದ ಶುರು? ಸರಕಾರಿ ಶಾಲೆಯ ನಲಿಕಲಿಯಲ್ಲಿ ವರ್ಣಮಾಲೆಯ ಕ್ರಮ ಬಿಟ್ಟು ‘ರ ಗ ಸ ದ ಅ’, ‘ಜ ವ ಮ ಬ ನ’ ಎಂದು ಹೋಗುತ್ತಾರೆ. ಅದೇ ಒಳ್ಳೆಯದು. ಮೊದಲ ಐದು ಅಕ್ಷರಕ್ಕೇ ಅರಸ, ಅಗಸ, ಸರ, ದರ ಸಿಗುತ್ತವೆ. ನಮ್ಮ ಭಾಗದವರಿಗೆ ಇನ್ನೊಂದು ಲಾಭ: ಗದಗ, ಮತ್ತು ಧ್ವಜದ ಖಾದಿಗೆ ಹೆಸರಾದ ಗರಗ, ಎರಡೂ ಈ ಐದರೊಳಗೇ ಇವೆ. ಎರಡನೇ ಸಾಲು ಸೇರಿದರೆ ನಗರ, ಗಮನ, ನವನಗರ. ಇಳಿ (‘ಆ’ ಚಿಹ್ನೆ) ಒಂದು ಬಂದರೆ ‘ರಾಜ ಗದಗ ನಗರದವ’ ಎಂಬ ವಾಕ್ಯ ಬರೆಸಬಹುದು. ಆದರೆ ತೊಡರುವ ಮಗುವಿಗೆ ಒಂದು ಬದಲಾವಣೆ ಬೇಕು. ‘ವ’ ಮತ್ತು ‘ಮ’ ಅಕ್ಕಪಕ್ಕ ಕಲಿಸಬೇಡಿ, ‘ವ’ ಗಟ್ಟಿಯಾಗಿ ಎರಡು ವಾರ ಕಳೆಯಲಿ. ನ-ಸ, ಪ-ವ-ಷ, ಮ-ಯ, ದ-ಧ-ಥ, ರ-ಠ ಇವಕ್ಕೂ ಇದೇ ನಿಯಮ. ಎರಡೂ ಗಟ್ಟಿಯಾದ ಮೇಲೆಯೇ ಜೋಡಿ ಇಟ್ಟು ವ್ಯತ್ಯಾಸ ತೋರಿಸಬೇಕು. ಅರೆಬರೆ ಗೊತ್ತಿರುವಾಗ ಜೋಡಿ ಇಟ್ಟರೆ ಎರಡೂ ಕಲಸಿಹೋಗುತ್ತವೆ. ಮಹಾಪ್ರಾಣಕ್ಕೆ ಅಂಗೈಯನ್ನು ಬಾಯಿಯ ಮುಂದೆ ಹಿಡಿಸಿ. ‘ದ’ಕ್ಕೆ ಬಾರದ ಗಾಳಿ ‘ಧ’ಕ್ಕೆ ಬಡಿಯುತ್ತದೆ, ಹೊಟ್ಟೆ ಸೀಳಿದ್ದು ಯಾಕೆಂದು ಕೈಗೇ ತಿಳಿಯುತ್ತದೆ.

ಕಾಗುಣಿತ: ಅಡ್ಡ ಸಾಲು ಬಿಡಿ, ಉದ್ದ ಸಾಲು ಹಿಡಿಯಿರಿ

‘ಕ’ದಿಂದ ‘ಕಃ’ವರೆಗೆ ಹೋಗುವ ರೂಢಿಯೇ ಹಾಡಿನ ರೋಗಕ್ಕೆ ಮೂಲ. ಒಂದು ಚಿಹ್ನೆ ಹಿಡಿದು ಎಲ್ಲ ವ್ಯಂಜನಕ್ಕೆ ಹಚ್ಚಿ: ಗಾ, ರಾ, ಸಾ, ದಾ, ಜಾ, ನಾ. ಹೀಗೆ ಮಾಡಿದರೆ ಹಾಡಲು ಸಾಲೇ ಇರುವುದಿಲ್ಲ, ನೋಡಲೇಬೇಕು. ಮೊದಲು ಇಳಿ, ಆಮೇಲೆ ಗುಡಿಸು, ಕೊಂಬು, ಏತ್ವ, ಓತ್ವ. ವ್ಯಂಜನ ಒಂದು ಬಣ್ಣ, ಚಿಹ್ನೆ ಇನ್ನೊಂದು. ಎರಡು ವಾರವಾದ ಮೇಲೆ ಬಣ್ಣ ತೆಗೆದುಬಿಡಿ, ಪುಸ್ತಕದಲ್ಲಿ ಬಣ್ಣ ಇರುವುದಿಲ್ಲ.

ದೀರ್ಘವನ್ನು ಬೇರೆ ಬೇರೆ ಮೂರು ರೂಪವಾಗಿ ಕಲಿಸುವ ಅಗತ್ಯವಿಲ್ಲ. ಕೀ, ಕೇ, ಕೋ ಮೂರರಲ್ಲೂ ಕೊನೆಗೆ ಬರುವ ಸುಳಿ ಒಂದೇ. ಎರೆಮಣ್ಣಿನಲ್ಲಿ ಒಂದು ಸುಳಿ ಮಾಡಿಸಿ, ‘ಕಿ’, ‘ಕೆ’, ‘ಕೊ’ ಕಾರ್ಡಿನ ಪಕ್ಕ ಇಟ್ಟು ತೆಗೆದು ಓದಿಸಿ. ಇಟ್ಟರೆ ಉದ್ದ, ತೆಗೆದರೆ ಗಿಡ್ಡ. ಕೈಗೂ ಅದನ್ನು ತಿಳಿಸಿ: ಹ್ರಸ್ವಕ್ಕೆ ಮೇಜಿನ ಮೇಲೆ ಬೆರಳಿನಿಂದ ಒಂದು ಕುಟ್ಟು, ದೀರ್ಘಕ್ಕೆ ಒಂದು ಗೇಣು ಎಳೆತ. ಬೆಳೆ-ಬೇಳೆ, ಕೊಡು-ಕೋಡು, ಮರ-ಮಾರ ಜೋಡಿಗಳನ್ನು ಕುಟ್ಟಿ, ಎಳೆದು ಓದಿಸಿ. ಉಕ್ತಲೇಖನದಲ್ಲಿ ದೀರ್ಘ ಬಿಡುವ ಮಗುವಿಗೆ “ದೀರ್ಘ ಎಲ್ಲೈತಿ?” ಅಂತ ಕೇಳುವುದಕ್ಕಿಂತ “ಎಳದು ನೋಡು” ಅಂದರೆ ಸಾಕು.

ಕೊಂಬಿನಲ್ಲಿ ಒಂದು ಮೋಸವಿದೆ. ‘ಕು’, ‘ರು’ಗೆ ಕೊಂಬು ಪಕ್ಕದಲ್ಲಿ ಬರುತ್ತದೆ. ‘ಪು’, ‘ವು’ಗೆ ಕೆಳಗಿನಿಂದ. ‘ವ’ಕ್ಕೆ ಪಕ್ಕದಲ್ಲೇ ಕೊಂಬು ಕೊಟ್ಟರೆ ಅದು ‘ಮ’ ಆಗಿಬಿಡುತ್ತದೆ, ಅದಕ್ಕೇ ಈ ಏರ್ಪಾಟು. ಇದನ್ನು ಮಗುವಿಗೆ ಹೇಳಿ, ಎರಡನ್ನೂ ಉಸುಕಿನಲ್ಲಿ ಬರೆಸಿ ತೋರಿಸಿ. ಕಾರಣ ಗೊತ್ತಾದದ್ದು ಮರೆಯುವುದಿಲ್ಲ.

ಒತ್ತಕ್ಷರ: ಮನೆಯವರಿಂದ ಶುರು

ಅವ್ವ, ಅಪ್ಪ, ಅಕ್ಕ, ಅಣ್ಣ, ಅಜ್ಜ. ಮನೆಯ ಐವರಲ್ಲಿ ಐದು ಸಜಾತಿ ಒತ್ತು ಸಿಕ್ಕಿತು. ಕನ್ನಡಿ ಕೊಟ್ಟು ‘ಅಪ’, ‘ಅಪ್ಪ’ ಎರಡನ್ನೂ ಹೇಳಿಸಿ. ಎರಡನೆಯದರಲ್ಲಿ ತುಟಿ ಒಂದು ಗಳಿಗೆ ಹೆಚ್ಚು ಮುಚ್ಚಿರುತ್ತದೆ. ಕಣ್ಣಿಗೆ ಕಾಣುವ ಆ ತಡೆಯೇ ಒತ್ತು. ಇದು ಹತ್ತಿದ ಮೇಲೆ ಹೊಳ್ಳಿ ಹೊಳ್ಳಿ ಬೇರೆ ಪದ ಕೊಡಿ: ಹಳ್ಳಿ, ಬೆಲ್ಲ, ಕಟ್ಟಿ, ಮಗ್ಗಿ.

ಹೆಚ್ಚಿನ ಒತ್ತುಗಳು ಮೂಲಾಕ್ಷರದ ತಲಕಟ್ಟು ತೆಗೆದ ಸಣ್ಣ ರೂಪಗಳು. ತ, ನ, ಮ, ಯ, ರ, ಲ ಆರಕ್ಕೆ ಮಾತ್ರ ಬೇರೆಯದೇ ಆಕಾರ. ಈ ಆರಕ್ಕೂ ಪಾಲಿಶ್ ಪೇಪರಿನ ಕಾರ್ಡು ಮಾಡಿ, ಹೊಸ ಅಕ್ಷರದಂತೆಯೇ ಪೂರ್ತಿ ಎಂಟು ನಿಮಿಷ ಕೊಡಿ.

ನಿಜವಾದ ತೊಡಕು ವಿಜಾತಿ ಒತ್ತಿಗೆ, ಅಂದರೆ ಒಂದು ಅಕ್ಷರಕ್ಕೆ ಬೇರೊಂದರ ಒತ್ತು ಬಂದಲ್ಲಿಗೆ, ಗುಣಿತ ಕೂಡಿದಾಗ. ‘ಶಕ್ತಿ’ಯನ್ನು ಬಹಳ ಮಕ್ಕಳು ‘ಶಕಿತ’ ಎಂದು ಓದುತ್ತಾರೆ. ಇದು ಅಜಾಗರೂಕತೆಯಲ್ಲ. ಗುಡಿಸು ಕಣ್ಣಿಗೆ ‘ಕ’ದ ತಲೆಯ ಮೇಲೆ ಕಾಣುತ್ತದೆ, ಒತ್ತು ಅದರ ಕೆಳಗೆ. ಕಂಡ ಕ್ರಮದಲ್ಲೇ ಮಗು ಓದಿದೆ. ಹೇಳುವ ಕ್ರಮ ಬೇರೆ: ಮೇಲಿನ ವ್ಯಂಜನ, ಕೆಳಗಿನ ಒತ್ತು, ಮತ್ತೆ ಮೇಲೆ ಹೋಗಿ ಸ್ವರ. ಈ ದಾರಿಯನ್ನು ಬೆರಳಿಗೆ ಕಲಿಸಬೇಕು. ದೊಡ್ಡದಾಗಿ ‘ಕ್ತಿ’ ಬರೆದು, ‘ಕ್’ ಅನ್ನುತ್ತ ಮೇಲೆ ಬೆರಳಿಡಲಿ, ‘ತ್’ ಅನ್ನುತ್ತ ಒತ್ತಿಗೆ ಇಳಿಯಲಿ, ‘ಇ’ ಅನ್ನುತ್ತ ಗುಡಿಸಿಗೆ ಏರಲಿ, ಆಮೇಲೆ ಕೂಡಿಸಿ ‘ಕ್ತಿ’. ದಿನಕ್ಕೆ ಆರು ಪದ, ಒಂದೇ ಒತ್ತಿನವು: ಶಕ್ತಿ, ಭಕ್ತಿ, ಮುಕ್ತಿ, ಯುಕ್ತಿ, ಸೂಕ್ತಿ, ಉಕ್ತಿ. ಅರ್ಕಾವೊತ್ತು ಎಲ್ಲಕ್ಕಿಂತ ಕೊನೆಗೆ, ಯಾಕೆಂದರೆ ಅದು ಬರೆಯುವಾಗ ಹಿಂದೆ, ಓದುವಾಗ ಮುಂದೆ. ‘ಧರ್ಮ’ ‘ಧಮರ’ ಆಗುವುದು ಅದಕ್ಕೇ. ಅಲ್ಲಿ ಬೆರಳು ಬಲಕ್ಕೆ ಹೋಗಿ ರಕಾರ ಎತ್ತಿಕೊಂಡು ಎಡಕ್ಕೆ ಬರಬೇಕು.

ಅಭ್ಯಾಸಕ್ಕೆ ಬಸ್ಸಿನ ಬೋರ್ಡು ಪುಕ್ಕಟೆ ಪುಸ್ತಕ. ಕಷ್ಟದ ಮೆಟ್ಟಿಲಾಗಿ ಜೋಡಿಸಿಕೊಳ್ಳಿ. ಚಿಹ್ನೆಯಿಲ್ಲದವು ಗದಗ, ಗರಗ. ಗುಣಿತಕ್ಕೆ ರೋಣ, ಹಾವೇರಿ, ಧಾರವಾಡ, ಕಲಘಟಗಿ. ಸೊನ್ನೆಗೆ ನರಗುಂದ, ಕುಂದಗೋಳ, ಮುಂಡರಗಿ. ಸಜಾತಿಗೆ ಹುಬ್ಬಳ್ಳಿ, ಶಿರಹಟ್ಟಿ, ಅಣ್ಣಿಗೇರಿ, ಶಿಗ್ಗಾವಿ. ವಿಜಾತಿಗೆ ಬ್ಯಾಡಗಿ, ಗಜೇಂದ್ರಗಡ. ಲಕ್ಷ್ಮೇಶ್ವರ ಓದಿದ ಮಗುವಿಗೆ ಒತ್ತಿನ ಪರೀಕ್ಷೆ ಬೇರೆ ಬೇಡ.

‘ಮನಿ’ ತಪ್ಪಲ್ಲ

ಈ ಭಾಗದ ಮಗು ಮನೆಯನ್ನು ‘ಮನಿ’ ಅನ್ನುತ್ತದೆ, ಶಾಲೆಯನ್ನು ‘ಸಾಲಿ’, ತಲೆಯನ್ನು ‘ತಲಿ’. ಪುಸ್ತಕದ ‘ಮನೆ’ಯನ್ನು ‘ಮನಿ’ ಅಂತ ಓದಿದರೆ ಅದು ಏತ್ವ-ಗುಡಿಸಿನ ಗೊಂದಲವಲ್ಲ, ಮನೆಮಾತು. ಗೊಂದಲವೋ ಮನೆಮಾತೋ ತಿಳಿಯಲು ಅರ್ಥವಿಲ್ಲದ ಪದದಲ್ಲಿ ‘ನೆ’, ‘ಲೆ’ ಕೊಡಿ. ಅಲ್ಲಿ ಸರಿ ಓದಿದರೆ ಅಕ್ಷರ ಬರುತ್ತದೆ ಎಂದರ್ಥ. ಓದುವಾಗ ಇದನ್ನು ತಡೆಯಬೇಡಿ, ಅರ್ಥ ಹತ್ತಿದೆಯಲ್ಲ. ಬರೆಯುವಾಗ ಮಾತ್ರ “ಪುಸ್ತಕದಾಗ ‘ಮನೆ’ ಅಂತ ಬರೀತಾರ” ಎಂದು ಹೇಳಿ, ಕೊನೆಯ ಅಕ್ಷರ ಸ್ಪಷ್ಟವಾಗಿ ಉಚ್ಚರಿಸಿ ಬರೆಸಿ. ಮನೆಯಲ್ಲಿ ಉರ್ದು, ಲಂಬಾಣಿ, ಮರಾಠಿ ಆಡುವ ಮಕ್ಕಳಿಗೆ ಪದ ಓದಿಸುವ ಮೊದಲು ಅದರ ಅರ್ಥ ಹೇಳಿ. ಗೊತ್ತಿಲ್ಲದ ಪದವನ್ನು ಸರಿಯಾಗಿ ಓದಿದರೂ ಮಗುವಿಗೆ ಸರಿ ಓದಿದೆನೆಂದು ತಿಳಿಯುವುದಿಲ್ಲ.

ಪಾಠ ಓದಿಸುವಾಗ

40ರಿಂದ 60 ಪದದ ಪಾಠ, ಅಕ್ಷರ ದೊಡ್ಡದು, ಸಾಲುಗಳ ನಡುವೆ ಧಾರಾಳ ಜಾಗ. ಸಾಲು ತಪ್ಪದಿರಲೆಂದು ಪಟ್ಟಿ ಇಡುವವರು ಸಾಮಾನ್ಯವಾಗಿ ಓದುವ ಸಾಲಿನ ಕೆಳಗೆ ಇಡುತ್ತಾರೆ. ಕನ್ನಡಕ್ಕೆ ಅದು ಕೆಡುಕು, ಒತ್ತೆಲ್ಲ ಪಟ್ಟಿಯಡಿ ಮುಚ್ಚಿಹೋಗುತ್ತವೆ. ಪಟ್ಟಿಯನ್ನು ಓದುವ ಸಾಲಿನ ಮೇಲ್ಗಡೆ ಇಟ್ಟು, ಓದಿದ್ದನ್ನು ಮುಚ್ಚುತ್ತ ಇಳಿಸಿ.

ಮಗು ತಡೆದರೆ ಐದು ಎಣಿಸುವವರೆಗೆ ಬಾಯಿ ಬಿಡಬೇಡಿ. ತಪ್ಪಿದರೆ ಇಡೀ ಪದ ಹೇಳಿಕೊಡಬೇಡಿ, ತಪ್ಪಿದ ಭಾಗಕ್ಕೆ ಬೆರಳು ತೋರಿಸಿ “ಇಲ್ಲಿ ಏನೈತಿ?” ಅನ್ನಿ. ಬಾರದಿದ್ದರೆ ಮೇಜಿನ ಮೇಲೆ ತೀಡಿ ನೋಡಲಿ. ಆಗಲೂ ಬಾರದಿದ್ದರೆ ಹೇಳಿಬಿಡಿ, ವಾಕ್ಯವನ್ನು ಮೊದಲಿನಿಂದ ಓದಿಸಿ, ಆ ಅಕ್ಷರವನ್ನು ನಾಳೆಯ ಕಾರ್ಡಿಗೆ ಸೇರಿಸಿ. ಚಿತ್ರ ನೋಡಿ ಊಹಿಸುವ ಚಟವಿದ್ದರೆ ಓದು ಮುಗಿಯುವವರೆಗೆ ಚಿತ್ರ ಮುಚ್ಚಿಡಿ. ಒಂದೇ ಪಾಠವನ್ನು ಮೂರು ದಿನ ಓದಿಸಿ, ನಿಮಿಷಕ್ಕೆ ಎಷ್ಟು ಪದವಾಯಿತು ಎಂದು ನೋಟುಬುಕ್ಕಿನಲ್ಲಿ ಬರೆಯಿರಿ. ಪಕ್ಕದ ಮನೆಯ ಹುಡುಗನ ಲೆಕ್ಕ ಬೇಡ, ನಿನ್ನೆಯ ತನ್ನದೇ ಲೆಕ್ಕ ನೋಡಲಿ.

ಯಾವಾಗ ಬೇರೆಯವರ ನೆರವು ಬೇಕು

ಪಾಠ ಶುರು ಮಾಡುವ ಮೊದಲೇ ಕಣ್ಣು, ಕಿವಿ ತೋರಿಸಿ ಬನ್ನಿ. ಮಕ್ಕಳ ಆರೋಗ್ಯ ತಪಾಸಣೆಗೆ ಶಾಲೆಗೆ ಬರುವ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡವನ್ನೂ ಕೇಳಬಹುದು. ಚಷ್ಮಾ ಬೇಕಾದ ಮಗುವಿಗೆ ಉಸುಕಿನ ತಟ್ಟೆ ಕೊಟ್ಟು ಏನೂ ಆಗದು. ವಾರಕ್ಕೆ ಐದು ದಿನದಂತೆ ಮೂರು ತಿಂಗಳು ತಪ್ಪದೆ ಮಾಡಿದ ಮೇಲೂ ಮೊದಲ ಗುಡ್ಡೆಗೆ ಕಾರ್ಡು ಸೇರುತ್ತಿಲ್ಲ, ನಿನ್ನೆ ಬಂದದ್ದು ಇಂದು ಅಳಿಸಿಹೋಗುತ್ತಿದೆ ಎಂದರೆ ಧಾರವಾಡದ ಮಾನಸಿಕ ಆರೋಗ್ಯ ಸಂಸ್ಥೆ ಡಿಮ್ಹಾನ್ಸ್‌ನಲ್ಲಿ ವಿಚಾರಿಸಿ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆ ಹೆಸರಿಸಿದ 21 ನ್ಯೂನತೆಗಳಲ್ಲಿ ನಿರ್ದಿಷ್ಟ ಕಲಿಕಾ ನ್ಯೂನತೆಯೂ ಒಂದು. ಪ್ರಮಾಣಪತ್ರವಿದ್ದರೆ ಮುಂದೆ ಪರೀಕ್ಷೆಯಲ್ಲಿ ಹೆಚ್ಚಿನ ಸಮಯ, ಬರೆಯಲು ಸಹಾಯಕರು ಇಂಥ ಅನುಕೂಲ ಕೇಳಬಹುದು. ಎಂಟು ವರ್ಷಕ್ಕಿಂತ ಮೊದಲು ಪ್ರಮಾಣಪತ್ರದ ಮಾತು ಬರುವುದಿಲ್ಲ, ಆದರೆ ಪಾಠಕ್ಕೆ ಅಷ್ಟು ಕಾಯುವ ಅಗತ್ಯವಿಲ್ಲ. ಹೋಗುವಾಗ ನೋಟುಬುಕ್ಕು ಜೊತೆಗಿರಲಿ. ಮಗು ‘ಏನಕ್ಕೆ ಏನು’ ಓದಿತು ಎಂಬ ಆ ಪಟ್ಟಿ ಅಲ್ಲಿನವರಿಗೆ ಅಂಕಪಟ್ಟಿಗಿಂತ ಹೆಚ್ಚು ಕೆಲಸಕ್ಕೆ ಬರುತ್ತದೆ. ವರದಿ ಬರುವವರೆಗೂ ಅರ್ಧ ತಾಸಿನ ಪಾಠ ನಿಲ್ಲಿಸಬೇಡಿ.